ನಿಂತು ಕೇಳುವ ಸಾಲು

ಕನ್ನಡಕದ ಅಂಗಡಿಯ ಮೇಲಿನ ಮಹಡಿಯಲ್ಲಿ ಉದ್ದನೆಯ ಒಂದು ಕೋಣೆ. ಗೋಡೆಗೆ ಮುಖ ಮಾಡಿ ಕೂತವರು ಏಳೆಂಟು ಜನ. ಅವರು ತಯಾರಿಸುವುದು ಒಂದೇ ಸರಕು, ಡೇಟಾಬೇಸ್. ಆಸ್ಪತ್ರೆಗಳು, ಗ್ರಂಥಾಲಯಗಳು, ನೀರು ಸರಬರಾಜಿನ ಕಚೇರಿಗಳು ತಮ್ಮ ಪಟ್ಟಿಗಳನ್ನು ಅದರೊಳಗೆ ಇಟ್ಟುಕೊಳ್ಳುತ್ತವೆ. ಕಿಟಕಿಯ ಪಕ್ಕದ ಮೇಜು ಮೇಷ್ಟ್ರದು. ಒಂದು ವರ್ಷದಿಂದ ಅಲ್ಲಿ ಕೂರುತ್ತಿರುವವಳು ಅವರ ಹೆಂಡತಿ.

ಮೇಷ್ಟ್ರು ಯಾವ ಶಾಲೆಯಲ್ಲೂ ಪಾಠ ಮಾಡಿದವರಲ್ಲ. ಆ ಕೋಣೆಯಲ್ಲಿದ್ದ ಪ್ರತಿಯೊಬ್ಬರಿಗೂ ಕೆಲಸ ಕಲಿಸಿದವರು ಅವರು, ಅದಕ್ಕೇ ಆ ಹೆಸರು ಅಂಟಿಕೊಂಡಿತು. ಹೆಂಡತಿಗೂ ಕಲಿಸಿದ್ದರು. ಅವಳು ಮೊದಲು ಪಠ್ಯಪುಸ್ತಕ ಅಚ್ಚು ಹಾಕುವ ಮುದ್ರಣಾಲಯದಲ್ಲಿ ಕರಡು ತಿದ್ದುತ್ತಿದ್ದಳು. ಮದುವೆಯಾದ ಹೊಸದರಲ್ಲಿ, ಊಟಕ್ಕೆ ಕೂತಾಗ, ಅವರು ತಮ್ಮ ಕೆಲಸವನ್ನು ಅವಳಿಗೆ ವಿವರಿಸಿದ್ದು ಹೀಗೆ: ಗಿರಾಕಿಗಳು ಡೇಟಾಬೇಸಿಗೆ ಕೊಡುವ ಆಜ್ಞೆಗಳನ್ನು ಪ್ರೊಸೀಜರ್ ಎಂಬ ಸಣ್ಣ ಸಣ್ಣ ಬರಹಗಳಾಗಿ ಬರೆದಿಡುತ್ತಾರೆ. ಯಂತ್ರ ಅದನ್ನು ನಡೆಸುವ ಮೊದಲು ಯಾರಾದರೂ ಓದಿ, ಯಾವ ಪದ ಯಾವುದನ್ನು ಸೂಚಿಸುತ್ತದೆ ಎಂದು ತೀರ್ಮಾನಿಸಬೇಕು. ಹಾಗೆ ಓದುವ ಭಾಗಕ್ಕೆ ಪಾರ್ಸರ್ ಎನ್ನುತ್ತಾರೆ. ಅಚ್ಚಾಗುವ ಮೊದಲು ಓದುವವಳು ನೀನು, ನಡೆಯುವ ಮೊದಲು ಓದುವುದು ನನ್ನ ಪಾರ್ಸರ್, ಇಬ್ಬರದೂ ಒಂದೇ ಕಸುಬು ಎಂದಿದ್ದರು. ಮುದ್ರಣಾಲಯ ಬಾಗಿಲು ಹಾಕಿದಾಗ ಅವಳು ಮೆಟ್ಟಿಲು ಹತ್ತಿ ಆ ಕೋಣೆಗೆ ಬಂದಳು. ಆಮೇಲೆ ಇಳಿದು ಹೋಗುವ ಸಂದರ್ಭವೇ ಬರಲಿಲ್ಲ.

ಹೋದ ವರ್ಷ ಒಂದು ಬೆಳಿಗ್ಗೆ ತಿಂಡಿ ತಿನ್ನುತ್ತಿದ್ದ ಮೇಷ್ಟ್ರ ಕೈಯಿಂದ ಚಮಚ ಜಾರಿತು. ಎತ್ತಿಕೊಳ್ಳಲು ಬಗ್ಗಿದವರು ಮೇಲೆ ಏಳಲಿಲ್ಲ. ಪಾರ್ಶ್ವವಾಯು. ಬಲಗೈ ಹೋಯಿತು, ಮಾತು ಹೋಯಿತು. ತಲೆಯಾಡಿಸುವುದೊಂದು ಉಳಿಯಿತು. ಏನು ಕೇಳಿದರೂ ಹೂಂ ಎನ್ನುವ ಹಾಗೆ ತಲೆ ಆಡುತ್ತದೆ. ಸೆಕೆಯೇ ಎಂದರೆ ಹೂಂ, ಚಳಿಯೇ ಎಂದರೂ ಹೂಂ. ಮಾತು ಕಲಿಸಲು ಕೆಲವು ವಾರ ಮನೆಗೆ ಬರುತ್ತಿದ್ದ ಹುಡುಗಿ ಹೊರಡುವ ದಿನ ಒಂದು ಮಾತು ಹೇಳಿ ಹೋಗಿದ್ದಳು. ಒಳಗೆ ಎಲ್ಲ ಅರ್ಥವಾಗುತ್ತಿರಬಹುದು, ಆಗದೆಯೂ ಇರಬಹುದು, ಆದರೆ ಈ ತಲೆಯಾಡಿಸುವುದನ್ನು ಉತ್ತರವೆಂದು ನಂಬಬೇಡಿ, ಎರಡು ವಸ್ತು ಮುಂದಿಟ್ಟು ಯಾವುದು ಎಂದು ಕೇಳಿ, ಎಂದು. ಹೆಂಡತಿ ಆಗಲಿ ಎಂದಿದ್ದಳು. ಮರೆತಳು. ಆ ವರ್ಷ ಕೇಳಿಸಿಕೊಂಡ ಮಾತುಗಳಲ್ಲಿ ಅವಳು ಮರೆತದ್ದೇ ಹೆಚ್ಚು.

ಮನೆಯಲ್ಲಿ ಅವರ ಪರವಾಗಿ ಉತ್ತರ ಹೇಳುವವರು ಅತ್ತೆ. ಹತ್ತಿರದ ಕುರ್ಚಿ ಅವರದು. ಮಗನಿಗೆ ಹಾಲೆಂದರೆ ಪ್ರಾಣ ಎಂದು ಅವರ ತೀರ್ಮಾನ. ಐದು ವರ್ಷದ ಹುಡುಗನಾಗಿದ್ದಾಗ ಪ್ರಾಣವಾಗಿದ್ದಿರಬೇಕು. ಮದುವೆಯಾದಾಗಿನಿಂದ ಅವರು ಹಾಲು ಕುಡಿದದ್ದನ್ನು ಹೆಂಡತಿ ಕಂಡಿರಲಿಲ್ಲ. ಕಡು ಚಹಾ ಕುಡಿಯುವ ಮನುಷ್ಯ, ಕಚೇರಿಯಲ್ಲಿ ಅವರ ಲೋಟದ ತಳ ಕಪ್ಪಾಗಿ ಹೋಗಿತ್ತು. ಆದರೆ ಅತ್ತೆ ಕೇಳುತ್ತಾರೆ, ಹಾಲು ಕೊಡ್ಲೇನೋ ಮಗನೇ, ಮಗ ತಲೆಯಾಡಿಸುತ್ತಾರೆ, ಹಾಲು ಬರುತ್ತದೆ, ಅತ್ತೆ ಚಮಚದಲ್ಲಿ ಕುಡಿಸುತ್ತಾರೆ. ಒಂದು ಸಲ ಅತ್ತೆಯೇ ಲೋಟ ಕೆಳಗಿಟ್ಟು, "ನನ್ನ ಮಗ ಕೋಲೆಬಸವ ಆಗ್ಬಿಟ್ನಲ್ಲೇ," ಎಂದು ಸೆರಗಿನಿಂದ ಕಣ್ಣು ಒತ್ತಿಕೊಂಡರು. ಸೊಸೆ ಹೋಗಿ ಲೋಟ ತೊಳೆದಿಟ್ಟಳು. ಹಲ್ಲು ಕೀಳಿಸಲು ಸೂಜಿ ಚುಚ್ಚಿಸಿಕೊಂಡ ಮೇಲೆ ದವಡೆ ಮುಟ್ಟಿ ನೋಡಿದರೆ ಬೇರೆ ಯಾರದೋ ದವಡೆ ಮುಟ್ಟಿದ ಹಾಗಿರುತ್ತದೆ. ಅವಳಿಗೆ ಇಡೀ ಮನೆ ಹಾಗಿತ್ತು.

ಕೆಲಸಕ್ಕೆ ಮಾತ್ರ ಹೋಗುತ್ತಿದ್ದಳು. ಪಾರ್ಸರಿನ ಕೆಲಸದಲ್ಲಿ ಯಾರೂ ಹೇಗಿದ್ದೀರಿ ಎಂದು ಕೇಳುವುದಿಲ್ಲ.

ಆಸ್ಪತ್ರೆಯ ಸುದ್ದಿ ಬಂದದ್ದು ಅಂಥದೊಂದು ದಿನ. ಅವರ ಡೇಟಾಬೇಸನ್ನು ಇಟ್ಟುಕೊಂಡಿದ್ದ ಒಂದು ದೊಡ್ಡ ಆಸ್ಪತ್ರೆ. ಅಲ್ಲಿ ಆಪರೇಷನ್ ಇರುವವರಿಗೆ ಬೆಳಿಗ್ಗೆ ಬಾಯಿಗೆ ಏನೂ ಕೊಡುವಂತಿಲ್ಲ. ಯಾವ ವಾರ್ಡಿನವರಿಗೆ ಕೊಡಬಾರದು ಎಂಬುದನ್ನು ಅಡುಗೆಮನೆಯ ಪರದೆಗೆ ತಲುಪಿಸಲು ದಾಖಲೆ ವಿಭಾಗದ ಹೆಂಗಸು ಒಂದು ಪ್ರೊಸೀಜರ್ ಬರೆದಿದ್ದಳು. ವಾರ್ಡಿನ ಹೆಸರು ಕೊಟ್ಟರೆ ಆ ವಾರ್ಡಿನ ರೋಗಿಗಳ ಮುಂದೆಲ್ಲ 'ಉಪವಾಸ' ಎಂದು ಬೀಳಬೇಕು. ಮೊದಲ ಸಲ ನಡೆಸಿದ ದಿನ ಇಡೀ ಆಸ್ಪತ್ರೆಯ ರೋಗಿಗಳ ಮುಂದೆ ಉಪವಾಸ ಎಂದು ಬಿತ್ತು. ತಿಂಡಿಯ ಗಾಡಿ ಯಾವ ವಾರ್ಡಿಗೂ ಹೊರಡಲಿಲ್ಲ. ಅಡುಗೆಯವನು ಮೇಲಿನ ಮಹಡಿಗೆ ಫೋನ್ ಮಾಡಿ, ಇವತ್ತೇನು, ಇಡೀ ಆಸ್ಪತ್ರೆಗೆ ಆಪರೇಷನ್ನಾ ಎಂದು ಕೇಳಿದ್ದನಂತೆ. ಯಾರೋ ನಕ್ಕರಂತೆ. ಅಷ್ಟರಲ್ಲಿ ಸಕ್ಕರೆ ಕಾಯಿಲೆಯ ವಾರ್ಡಿನಲ್ಲಿ ಆಗಲೇ ಇನ್ಸುಲಿನ್ ಚುಚ್ಚಿಸಿಕೊಂಡು ತಿಂಡಿಗಾಗಿ ಕಾಯುತ್ತಿದ್ದ ಮುದುಕನೊಬ್ಬ ಎದ್ದು ಬಚ್ಚಲಿಗೆ ಹೋದವನು ಅಲ್ಲೇ ಕುಸಿದ. ಪ್ರಾಣಕ್ಕೆ ತೊಂದರೆಯಾಗಲಿಲ್ಲ. ಮಣಿಕಟ್ಟು ಮುರಿಯಿತು. ದಾಖಲೆ ವಿಭಾಗದವಳನ್ನು ಅಮಾನತು ಮಾಡಿ ವಿಚಾರಣೆ ಇಟ್ಟರು. ತಪ್ಪು ಬರೆದವಳದ್ದೋ ಸರಕಿನದ್ದೋ ಎಂದು ಡೇಟಾಬೇಸಿನವರು ವರದಿ ಕೊಡಬೇಕು. ಆ ವರದಿಯ ಮೇಲೆ ಅವಳ ಕೆಲಸ ನಿಂತಿತ್ತು.

ವರದಿ ಬರೆಯಬೇಕಾದವಳು ಪಾರ್ಸರ್ ನೋಡಿಕೊಳ್ಳುತ್ತಿದ್ದವಳು, ಅಂದರೆ ಮೇಷ್ಟ್ರ ಹೆಂಡತಿ.

ಪ್ರೊಸೀಜರ್ ತರಿಸಿ ಓದಿದಳು. ಕರಡು ತಿದ್ದುವವರ ಕಣ್ಣಿಗೆ ಒಂದೇ ನೋಟ ಸಾಕಾಯಿತು. ಪ್ರೊಸೀಜರ್ ಬರೆಯುವವರು ಕೈಗೆ ಬಂದದ್ದನ್ನು ಸ್ವಲ್ಪ ಹೊತ್ತು ಇಟ್ಟುಕೊಳ್ಳಲು ಒಂದು ಡಬ್ಬಿ ಮಾಡಿಕೊಂಡು ಅದಕ್ಕೊಂದು ಹೆಸರಿಡುತ್ತಾರೆ. ಅದು ವೇರಿಯಬಲ್. ಪಟ್ಟಿಯಲ್ಲಿರುವ ಕಾಲಮ್ಮುಗಳಿಗೂ ಹೆಸರಿರುತ್ತದೆ. ಆ ಹೆಂಗಸು ತನ್ನ ಡಬ್ಬಿಗೆ 'ವಾರ್ಡ್' ಎಂದು ಹೆಸರಿಟ್ಟಿದ್ದಳು. ಪಟ್ಟಿಯಲ್ಲೂ 'ವಾರ್ಡ್' ಎಂಬ ಕಾಲಂ ಇತ್ತು. ಎಲ್ಲಿ ವಾರ್ಡ್ ಮತ್ತು ವಾರ್ಡ್ ಸಮವೋ ಅಲ್ಲೆಲ್ಲ ಉಪವಾಸ ಎಂದು ಬರೆ, ಎಂದು ಆಜ್ಞೆ ಕೊಟ್ಟಿದ್ದಳು. ಒಂದು ಪಟ್ಟಿಯ ವಾರ್ಡ್, ಇನ್ನೊಂದು ನನ್ನ ಕೈಯ ವಾರ್ಡ್ ಎಂಬುದು ಅವಳ ಮನಸ್ಸಿನಲ್ಲಿದ್ದದ್ದು. ಪಾರ್ಸರಿಗೆ ಮನಸ್ಸು ಕಾಣುವುದಿಲ್ಲ. ಎರಡನ್ನೂ ಡಬ್ಬಿ ಎಂದೇ ಓದಿತು. ಡಬ್ಬಿಯೊಳಗಿನದು ಡಬ್ಬಿಯೊಳಗಿನದಕ್ಕೆ ಯಾವಾಗಲೂ ಸಮ. ಹಾಗಾಗಿ ಪಟ್ಟಿಯ ಪ್ರತಿ ಸಾಲಿಗೂ ಉಪವಾಸ.

ಹಾಗೆ ಓದುವಂತೆ ಪಾರ್ಸರಿಗೆ ಕಲಿಸಿದವರು ಮೇಷ್ಟ್ರು. ಒಂದೇ ಹೆಸರು ಎರಡಕ್ಕೂ ಇದ್ದರೆ ವೇರಿಯಬಲ್ಲೇ ಗೆಲ್ಲಬೇಕು, ಯಾರನ್ನೂ ಕೇಳಬೇಕಾಗಿಲ್ಲ. ಆ ನಿಯಮದ ತಲೆಯ ಮೇಲೆ ಅವರು ಒಂದು ಟಿಪ್ಪಣಿ ಬರೆದಿದ್ದರು: 'ಮನೆಯೊಳಗಿನವರ ಮಾತು ಮೊದಲು.' ಪ್ರೊಸೀಜರಿನ ಒಳಗೆ ಹುಟ್ಟಿದ್ದು ಡಬ್ಬಿ, ಕಾಲಂ ಹೊರಗಿನದು, ಅದಕ್ಕೆ. ಕೋಣೆಯಲ್ಲಿ ಎಲ್ಲರಿಗೂ ಆ ಸಾಲು ಬಾಯಿಪಾಠ. ಯಾರಾದರೂ ರಜೆ ಕೇಳಿ ಹೆಂಡತಿಗೆ ಹುಷಾರಿಲ್ಲ ಎಂದರೆ, ಹೋಗಪ್ಪ, ಮನೆಯೊಳಗಿನವರ ಮಾತು ಮೊದಲು ಎಂದು ಮೇಷ್ಟ್ರು ನಗುತ್ತಿದ್ದರು.

ಇಷ್ಟು ವರ್ಷ ಇದು ಯಾರ ಕಣ್ಣಿಗೂ ಬೀಳಲಿಲ್ಲವೇಕೆ ಎಂದು ಅವಳು ಹುಡುಕಿದಳು. ಸರಕು ಹೊರಗೆ ಹೋಗುವ ಮೊದಲು ಅದರ ಮೇಲೆ ನಡೆಸುವ ಪರೀಕ್ಷೆಗಳು ರಾಶಿ ರಾಶಿ ಇದ್ದವು. ಒಂದರಲ್ಲೂ ಒಂದೇ ಹೆಸರಿನ ಡಬ್ಬಿಯೂ ಕಾಲಮ್ಮೂ ಇರಲಿಲ್ಲ. ಕಾರಣವೂ ಮೇಷ್ಟ್ರೇ. ಡಬ್ಬಿಯ ಹೆಸರಿನ ಮುಂದೆ ಒಂದು ಗುರುತಿನ ಅಕ್ಷರ ಅಂಟಿಸಿಯೇ ಬರೆಯಬೇಕೆಂದು ಅವರು ಎಲ್ಲರಿಗೂ ಅಭ್ಯಾಸ ಮಾಡಿಸಿದ್ದರು. ಮರೆತವನು ಅವತ್ತು ಎಲ್ಲರ ಲೋಟ ತೊಳೆಯಬೇಕು. ವರ್ಷಗಳಿಂದ ಯಾರೂ ಲೋಟ ತೊಳೆದಿರಲಿಲ್ಲ. ಅಷ್ಟು ಚೆನ್ನಾಗಿ ಕಲಿತಿದ್ದರು. ಆ ಕೋಣೆಯೊಳಗೆ ಎರಡು ಹೆಸರು ಡಿಕ್ಕಿ ಹೊಡೆಯುವ ಸಾಧ್ಯತೆಯೇ ಇರಲಿಲ್ಲ. ಅಭ್ಯಾಸ ಕೋಣೆಯಲ್ಲಿ ಉಳಿಯಿತು, ನಿಯಮ ಮಾತ್ರ ಸರಕಿನ ಜೊತೆ ಊರೂರಿಗೆ ಹೋಯಿತು.

ಗುರುತಿನ ಅಕ್ಷರವಿಲ್ಲದೆ ಒಂದು ಪರೀಕ್ಷೆ ಬರೆದು ನೋಡಿದಳು. ಬೀದಿ ತುಳಿದು ಬಂದ ಚಪ್ಪಲಿಯಲ್ಲೇ ಅಡುಗೆಮನೆಗೆ ಕಾಲಿಟ್ಟ ಹಾಗೆ. ಪಾರ್ಸರ್ ಅಳೆದು ಸುರಿದು ನೋಡಲಿಲ್ಲ, ಅರೆಕ್ಷಣ ತಡೆಯಲಿಲ್ಲ. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವವರ ಹಾಗೆ ಎಲ್ಲ ಸಾಲನ್ನೂ ತಿದ್ದಿ ಮುಗಿಸಿ, ಆಯಿತು ಎಂದಿತು. ಅವಳು ಪರದೆಯನ್ನು ನೋಡುತ್ತ ಕೂತಳು. ಬೇಸರವೋ ಸಿಟ್ಟೋ ಏನಾದರೂ ಬರುತ್ತದೆಯೇನೋ ಎಂದು ಕಾದಳು. ಬರಲಿಲ್ಲ. ಎದ್ದು ಹೋಗಿ ಎಲ್ಲರ ಲೋಟ ತೊಳೆದಳು. ಏಕೆ ಎಂದು ಯಾರೂ ಕೇಳಲಿಲ್ಲ.

ಮಾರನೆಯ ದಿನ ಆಸ್ಪತ್ರೆಗೆ ಹೋದಳು. ದಾಖಲೆ ವಿಭಾಗ ನೆಲಮಾಳಿಗೆಯಲ್ಲಿ, ಅಡುಗೆಮನೆಯ ಲಿಫ್ಟಿನ ಪಕ್ಕ. ಲಿಫ್ಟ್ ಇಳಿದಾಗಲೆಲ್ಲ ಬೇಯಿಸಿದ ತರಕಾರಿಯ ಹಬೆ ಒಳಗೆ ಬರುತ್ತಿತ್ತು. ಅಮಾನತಾದವಳು ತನ್ನ ಸಾಮಾನು ಒಯ್ಯಲು ಬಂದಿದ್ದಳು. ಒಂದು ಶಾಲು, ಕುತ್ತಿಗೆ ಮುರಿದ ಮೇಜಿನ ದೀಪ, ಒಂದು ಜೊತೆ ಚಪ್ಪಲಿ. ವಯಸ್ಸು ಇವಳದ್ದೇ ಇರಬೇಕು. ತಾನಾಗಿಯೇ ತನ್ನ ತಪ್ಪು ಹೇಳಿಕೊಂಡಳು. ಪರೀಕ್ಷೆ ಮಾಡಿ ನೋಡಿದ್ದಳಂತೆ, ಆದರೆ ಪರೀಕ್ಷೆಯ ಪಟ್ಟಿಯಲ್ಲಿ ಒಂದೇ ವಾರ್ಡಿನವರನ್ನು ಹಾಕಿಕೊಂಡಿದ್ದಳು. ಎಲ್ಲರಿಗೂ ಉಪವಾಸ ಬಿತ್ತು, ಸರಿಯಾಗಿದೆ ಎಂದುಕೊಂಡಳು. ಮುದುಕನನ್ನು ನೋಡಿಕೊಂಡು ಬಂದಿದ್ದಳಂತೆ. ಆತ ಬೈಯಲಿಲ್ಲ, ಎಡಗೈಯಲ್ಲಿ ತಿನ್ನುವುದು ಕಷ್ಟ ಎಂದಷ್ಟೇ ಹೇಳಿದ. ಅದಕ್ಕಿಂತ ಬೈದಿದ್ದರೆ ವಾಸಿಯಿತ್ತು ಎಂದಳು.

ಆಮೇಲೆ ಶಾಲು ಮಡಿಸುತ್ತ, ತಲೆಯೆತ್ತದೆ ಕೇಳಿದಳು. "ಒಂದ್ಮಾತು ಮೇಡಂ. ನಾನು ಬರ್ದಿದ್ದು ಎರಡರ್ಥಕ್ಕೂ ಬರುತ್ತೆ ಅಂತ ಅದಕ್ಕೆ ಗೊತ್ತಿತ್ತಾ?"

"ಗೊತ್ತಿತ್ತು."

"ಮತ್ತೆ ಒಂದ್ಸಲ ಕೇಳ್ಬಹುದಿತ್ತಲ್ಲ, ಯಾವ ವಾರ್ಡಮ್ಮಾ ಅಂತ. ನಮ್ಮ ಅಡುಗೆಯವ್ನೇ ಫೋನ್ ಮಾಡಿ ಕೇಳ್ದ."

ಮೇಷ್ಟ್ರ ಹೆಂಡತಿ ಮುರಿದ ದೀಪವನ್ನು ಎತ್ತಿಕೊಂಡಳು. ಒಂದು ಕೈಯಲ್ಲಿ ಹಿಡಿಯಲು ಬರುತ್ತಿರಲಿಲ್ಲ, ಎರಡೂ ಕೈಯಲ್ಲಿ ಬಾಗಿಲವರೆಗೆ ಹಿಡಿದುಕೊಂಡು ಹೋದಳು.

ಕಚೇರಿಗೆ ಬಂದು ಎರಡು ಕೆಲಸ ಮಾಡಿದಳು. ವರದಿಯ ಕರಡು ಬರೆದಳು: ಒಂದೇ ಹೆಸರು ಎರಡು ಕಡೆ ಇದ್ದಾಗ ನಮ್ಮ ಪಾರ್ಸರ್ ಕೇಳದೆ ಒಂದನ್ನು ಆರಿಸಿಕೊಳ್ಳುತ್ತದೆ, ಬರೆದವರಿಗೆ ತಿಳಿಸುವುದಿಲ್ಲ, ಇದು ಸರಕಿನ ದೋಷ. ಜೊತೆಗೆ ಪಾರ್ಸರಿಗೆ ಹೊಸ ನಿಯಮ ಬರೆದಳು. ಅಂಥ ಹೆಸರು ಸಿಕ್ಕಿದ ಕೂಡಲೇ ನಿಲ್ಲಬೇಕು. ಈ ಹೆಸರು ವೇರಿಯಬಲ್ಲೂ ಆಗಬಹುದು, ಕಾಲಮ್ಮೂ ಆಗಬಹುದು, ಯಾವುದೆಂದು ಹೇಳಿ, ಎಂದು ಕೇಳಬೇಕು. ಹೇಳುವ ತನಕ ಒಂದು ಸಾಲನ್ನೂ ಮುಟ್ಟಬಾರದು. ಕೇಳುವುದೇ ಬೇಡ ಎನ್ನುವವರು ಪ್ರೊಸೀಜರಿನ ತಲೆಯ ಮೇಲೆ 'ವೇರಿಯಬಲ್ ಗೆಲ್ಲಲಿ' ಎಂದೋ 'ಕಾಲಂ ಗೆಲ್ಲಲಿ' ಎಂದೋ ಒಂದು ಸಾಲು ಬರೆದುಕೊಂಡರಾಯಿತು. ಯಾರೂ ಏನೂ ಬರೆಯದಿದ್ದರೆ, ನಿಲ್ಲುವುದೇ ನಿಯಮ.

ಮಾಲೀಕ ಎರಡನ್ನೂ ಒಂದು ವಾರ ಇಟ್ಟುಕೊಂಡು ಓದಿದ. ಮೇಷ್ಟ್ರ ಜೊತೆ ಒಂದು ಕಾರ್ ಶೆಡ್ಡಿನಲ್ಲಿ ಈ ಕಂಪನಿ ಶುರು ಮಾಡಿದವನು ಅವನು. ಅವಳ ಕೈಯ ಅಡುಗೆ ಉಂಡವನು, ಅವಳನ್ನು ಅತ್ತಿಗೆ ಎಂದೇ ಕರೆಯುವವನು. ಕೆಟ್ಟವನಲ್ಲ. ಅವನ ಲೆಕ್ಕ ಬೇರೆ. ಕೈಪಿಡಿಯಲ್ಲಿ ಸ್ಪಷ್ಟವಾಗಿ ಬರೆದಿದೆ, ವೇರಿಯಬಲ್ ಗೆಲ್ಲುತ್ತದೆ ಎಂದು. ಓದದೇ ಬರೆದವಳದ್ದು ತಪ್ಪು. ನಾವಾಗಿಯೇ ದೋಷ ಎಂದು ಬರೆದುಕೊಟ್ಟರೆ, ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಗುತ್ತದೆ. ಹೊಸ ನಿಯಮ ಹಾಕಿದರೆ ಹಳೆಯ ಗಿರಾಕಿಗಳ ಎಷ್ಟು ಪ್ರೊಸೀಜರ್ ನಿಂತು ಹೋಗುತ್ತವೋ ದೇವರೇ ಬಲ್ಲ. ನಡೆಯುತ್ತಿರುವ ಗಾಡಿಗೆ ಅಡ್ಡಗಾಲು ಹಾಕುವವರುಂಟೇ?

ಅವಳು ಹೇಳಿದ್ದು ಇಷ್ಟು: ನಿಂತು ಹೋಗುವ ಪ್ರೊಸೀಜರುಗಳಲ್ಲಿ ಎಷ್ಟು ಈಗ ತಪ್ಪಾಗಿ ನಡೆಯುತ್ತಿವೆ ಎಂಬುದೂ ದೇವರೇ ಬಲ್ಲ.

ಅವನು ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸಿಕೊಂಡ. "ಅದೆಲ್ಲ ಇರ್ಲಿ ಅತ್ತಿಗೆ. ಇದು ಮೇಷ್ಟ್ರು ಬರ್ದಿದ್ದು. ಅವ್ರ ಸಾಲು ಅಳಿಸೋಕೆ ನನಗೆ ಕೈ ಬರಲ್ಲ. ಹೋದ ಭಾನುವಾರ ಮನೆಗೆ ಬಂದಾಗ ನಾನೇ ಕೇಳ್ದೆ, ಮೇಷ್ಟ್ರೇ, ಹಳೇ ನಿಯಮ ಹಂಗೇ ಇರ್ಲಾ ಅಂತ. ಹೂಂ ಅಂದ್ರು."

"ನಾನು ನಿನ್ನೆ ಕೇಳ್ದೆ, ತೆಗೀಲಾ ಅಂತ. ಅದಕ್ಕೂ ಹೂಂ ಅಂದ್ರು."

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅವನು ಮೊದಲು ಕಣ್ಣು ತಗ್ಗಿಸಿದ. ಅವರು ನಿಜವಾಗಿ ಒಪ್ಪಿದರೆ ವರದಿಗೂ ಹೊಸ ನಿಯಮಕ್ಕೂ ಸಹಿ ಹಾಕುತ್ತೇನೆ, ಇಲ್ಲದಿದ್ದರೆ ಕೈಪಿಡಿಯ ಪುಟವನ್ನೇ ಆಸ್ಪತ್ರೆಗೆ ಕಳಿಸುತ್ತೇನೆ, ಎಂದ. ಒಪ್ಪಿದರು ಎಂದು ತಿಳಿಯುವುದು ಹೇಗೆ ಎಂದು ಅವನೂ ಹೇಳಲಿಲ್ಲ, ಅವಳೂ ಕೇಳಲಿಲ್ಲ.

ಸಂಜೆ ಬಸ್ಸಿನಲ್ಲಿ, ಕಂಬಿ ಹಿಡಿದು ನಿಂತಿದ್ದಾಗ, ಮಾತು ಕಲಿಸುವ ಹುಡುಗಿಯ ಮಾತು ನೆನಪಾಯಿತು. ಎರಡು ವಸ್ತು ಮುಂದಿಟ್ಟು ಕೇಳಿ. ವರ್ಷವಾಗಿತ್ತು. ವರ್ಷವಿಡೀ ಒಂದು ಸಲವೂ ಹಾಗೆ ಕೇಳಿರಲಿಲ್ಲ. ಹೂಂ ಎಂದರು, ಆಯಿತು ಎಂದುಕೊಂಡು ಹಾಲು, ಹೊದಿಕೆ, ಕಿಟಕಿ, ಎಲ್ಲವನ್ನೂ ನಡೆಸಿಕೊಂಡು ಬಂದಿದ್ದಳು. ಇದನ್ನು ಯೋಚಿಸುವಾಗಲೂ ಎದೆಯಲ್ಲಿ ಏನೂ ಆಗಲಿಲ್ಲ. ತನ್ನ ನಿಲ್ದಾಣ ಬಂದಾಗ ಇಳಿದಳು.

ಭಾನುವಾರ ಮಧ್ಯಾಹ್ನ ಮಾಲೀಕ ಮನೆಗೆ ಬಂದ. ಮೇಷ್ಟ್ರನ್ನು ಗಾಲಿಕುರ್ಚಿಯಲ್ಲಿ ಕಿಟಕಿಯ ಬೆಳಕಿಗೆ ಕೂರಿಸಿದ್ದರು. ಅತ್ತೆ ಹತ್ತಿರದ ಕುರ್ಚಿಯಲ್ಲಿದ್ದರು. ಅವಳು ಎರಡು ಹಾಳೆ ತಂದು ಅವರ ಮುಂದಿನ ಹಲಗೆಯ ಮೇಲೆ ಇಟ್ಟಳು. ಎರಡರಲ್ಲೂ ಅದೇ ಆಸ್ಪತ್ರೆಯ ಪ್ರೊಸೀಜರ್, ದಪ್ಪ ಅಕ್ಷರದಲ್ಲಿ. ಒಂದರ ಕೆಳಗೆ ಹಳೆಯ ನಿಯಮ ಮಾಡುವುದನ್ನು ಬರೆದಿದ್ದಳು: ಎಲ್ಲ ಸಾಲೂ ತಿದ್ದಿದೆ, ಆಯಿತು. ಇನ್ನೊಂದರ ಕೆಳಗೆ ಹೊಸದು ಮಾಡುವುದು: ನಿಂತಿದೆ, ವಾರ್ಡ್ ಎಂದರೆ ಯಾವುದು? ಆಸ್ಪತ್ರೆಯಲ್ಲಿ ನಡೆದದ್ದನ್ನು ಅವರಿಗೆ ಮೊದಲಿಂದ ಕೊನೆಯವರೆಗೆ ಹೇಳಿದಳು, ಕಚೇರಿಯಲ್ಲಿ ಹೇಳುವ ಧ್ವನಿಯಲ್ಲೇ. ಮುದುಕನ ಮಣಿಕಟ್ಟು ಹೇಳುವಾಗ ಅವರ ತಲೆ ಆಡಿತು. ಅದನ್ನು ಅವಳು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ.

"ಇದ್ರಲ್ಲಿ ಯಾವ್ದು ಸರಿ ರೀ? ಕೈ ಇಡಿ."

ಅತ್ತೆ ತಡೆಯಲಾರದೆ ಮುಂದೆ ಬಾಗಿದರು. "ಅವ್ನು ಬರ್ದಿದ್ದೇ ಸರಿ ಅಂತಾನೆ ಕಣೇ. ತಾನು ಹೆತ್ತ ಹೆಗ್ಗಣ ಮುದ್ದು. ಅಲ್ವೇನೋ?" ಮಗ ತಲೆಯಾಡಿಸಿದರು.

"ಅತ್ತೆ, ಒಂದ್ನಿಮಿಷ," ಎಂದಳು ಅವಳು.

ಮೇಷ್ಟ್ರು ಹಾಳೆಗಳನ್ನು ನೋಡುತ್ತಿದ್ದರು. ಓದುತ್ತಿದ್ದಾರೋ ಬರೀ ಕಣ್ಣು ಅಲ್ಲಿದೆಯೋ ಹೇಳಲು ಬರುವಂತಿರಲಿಲ್ಲ. ಬೀದಿಯಲ್ಲಿ ಯಾರೋ ಗಾಡಿ ಶುರು ಮಾಡಲು ಒದೆಯುತ್ತಿದ್ದರು, ಅದು ಶುರುವಾಗಿ ಹೊರಟೂ ಹೋಯಿತು. ಕೊನೆಗೆ ಎಡಗೈ ತೊಡೆಯ ಮೇಲಿಂದ ಎದ್ದು ಎಡಕ್ಕಿದ್ದ ಹಾಳೆಯ ಮೇಲೆ ಬಿತ್ತು. ಹೊಸ ನಿಯಮದ ಹಾಳೆ.

ಮಾಲೀಕ ಉಸಿರು ಬಿಟ್ಟ. "ಆಯ್ತಲ್ಲ ಅತ್ತಿಗೆ. ಕೊಡಿ, ಸಹಿ ಹಾಕ್ತೀನಿ."

ಅವಳು ಕೊಡಲಿಲ್ಲ. ಅವರಿಗೆ ಆಡುವ ಕೈ ಎಡಗೈ. ಹಾಳೆ ಇದ್ದದ್ದೂ ಎಡಕ್ಕೆ. ಹತ್ತಿರದ್ದು ಎಂದೇ ಮುಟ್ಟಿರಬಹುದು. ಹತ್ತಿರದ್ದು ಗೆದ್ದರೆ ಅದು ಹಳೆಯ ನಿಯಮವೇ ಆಯಿತು, ಉತ್ತರವಾಗುವುದಿಲ್ಲ. ಅವರ ಕೈಯನ್ನು ಮೆಲ್ಲಗೆ ಎತ್ತಿ ತೊಡೆಯ ಮೇಲಿಟ್ಟಳು. ಹಾಳೆಗಳ ಜಾಗ ಅದಲುಬದಲು ಮಾಡಿದಳು. ಈಗ ಹೊಸ ನಿಯಮ ಬಲಕ್ಕೆ ಬಂತು, ಸತ್ತ ಕೈಯ ಪಕ್ಕಕ್ಕೆ.

"ಇನ್ನೊಂದ್ಸಲ," ಎಂದಳು.

ಅವರು ತಲೆಯೆತ್ತಿ ಅವಳನ್ನು ನೋಡಿದರು. ಯಾರಾದರೂ ಹೊಸಬರು ಒಂದೇ ಪರೀಕ್ಷೆ ಮಾಡಿ ಮುಗಿಯಿತು ಎಂದಾಗ ಮೇಷ್ಟ್ರು ನೋಡುತ್ತಿದ್ದ ನೋಟ ಒಂದಿತ್ತು. ಅದೋ ಅಲ್ಲವೋ ಅವಳು ಆಣೆ ಮಾಡಿ ಹೇಳಲಾರಳು. ಎಡಗೈ ಎದ್ದಿತು. ಹತ್ತಿರದ ಹಾಳೆಯ ಮೇಲೆ ಹಾದು ಹೋಯಿತು. ಭುಜ ಅಷ್ಟು ದೂರ ಬರಲೊಲ್ಲದು, ಮೈಯೆಲ್ಲ ವಾಲಿತು, ಅತ್ತೆ ಹಿಡಿಯಲು ಕೈ ಚಾಚಿದರು, ಚಾಚಿದ ಕೈಯನ್ನು ಅಲ್ಲೇ ತಡೆದುಕೊಂಡರು. ಬೆರಳುಗಳು ಹಲಗೆಯ ಮೇಲೆ ತೆವಳಿಕೊಂಡು ಹೋಗಿ ಆ ಕಡೆಯ ಹಾಳೆಯ ಅಂಚು ಹಿಡಿದವು. ಎಳೆದವು. ಹಾಳೆ ಮುದುಡಿಕೊಂಡು ಅವರ ಎದೆಯ ಹತ್ತಿರ ಬಂತು.

ಮಾಲೀಕ ಮುದುಡಿದ ಹಾಳೆಯ ಮೇಲೆಯೇ ಸಹಿ ಹಾಕಿದ, ಆಮೇಲೆ ವರದಿಯ ಮೇಲೆ.

ಅತ್ತೆ ಎದ್ದು ಒಳಗೆ ಹೋದರು. ಬಹಳ ಹೊತ್ತು ಬರಲಿಲ್ಲ, ಪಾತ್ರೆಗಳ ಸದ್ದು ಕೇಳಿಸುತ್ತಿತ್ತು. ಬಂದಾಗ ಕೈಯಲ್ಲಿ ಎರಡು ಲೋಟ ಇದ್ದವು, ಒಂದು ಹಾಲು, ಒಂದು ಚಹಾ. ಚಹಾ ಯಾರಿಗೆ ಎಂದು ಮಾಲೀಕ ಕೇಳಿದ. ಅತ್ತೆ ಹಾಲಿನ ಲೋಟವನ್ನು ಎಡಕ್ಕೆ, ಹತ್ತಿರಕ್ಕೆ ಇಟ್ಟರು. ಇಟ್ಟವರು ಸೊಸೆಯ ಮುಖ ನೋಡಿ, ತುಟಿ ಬಿಗಿದು, ಎರಡು ಲೋಟವನ್ನೂ ಸರಿಸಿ ಮಧ್ಯಕ್ಕೆ ತಂದರು. ತಮ್ಮ ಕುರ್ಚಿಯನ್ನು ಒಂದಿಷ್ಟು ಹಿಂದಕ್ಕೆ ಎಳೆದುಕೊಂಡು ಕೂತರು. ಮಗ ಚಹಾ ಮುಟ್ಟಿದರು. "ಒಂದ್ವರ್ಷದಿಂದ ಹೇಳ್ಬಾರ್ದಾಗಿತ್ತೇನೋ," ಎಂದರು ಅತ್ತೆ. ಅವರು ತಲೆಯಾಡಿಸಿದರು.

ಅವಳು ಅವತ್ತೂ ಅಳಲಿಲ್ಲ. ರಾಶಿ ಬಟ್ಟೆ ಇತ್ತು, ಮಡಿಸಿಟ್ಟಳು.

ವರದಿ ತಲುಪಿದ ಮೇಲೆ ಆಸ್ಪತ್ರೆಯವರು ಅಮಾನತು ಹಿಂದಕ್ಕೆ ತೆಗೆದುಕೊಂಡರು. ಪೂರ್ತಿ ಬಿಡಲಿಲ್ಲ, ಒಂದೇ ವಾರ್ಡಿನ ಮೇಲೆ ಪರೀಕ್ಷೆ ಮಾಡಿದ್ದಕ್ಕೆ ಎಚ್ಚರಿಕೆಯ ಪತ್ರ ಕೊಟ್ಟರು. ಪತ್ರ ನ್ಯಾಯವಾಗಿಯೇ ಇತ್ತು. ಹೊಸ ನಿಯಮದ ಸರಕು ಊರೂರಿಗೆ ಹೋಯಿತು. ಮಾಲೀಕ ಹೇಳಿದ್ದೂ ಸುಳ್ಳಾಗಲಿಲ್ಲ. ನಮ್ಮದು ನಿಂತಿದೆ, ನಮ್ಮದು ನಿಂತಿದೆ ಎಂದು ಫೋನು ಬಿಡುವಿಲ್ಲದೆ ಬಡಿದುಕೊಂಡಿತು. ಆ ದಿನಗಳಲ್ಲೇ ಕೋಣೆಯವರು ಅವಳಿಗೆ ತಕರಾರಮ್ಮ ಎಂದು ಹೆಸರಿಟ್ಟದ್ದು. ಎದುರಿಗೇ ಕರೆದರು, ಅವಳು ಹೂಂ ಎಂದು ತಿರುಗಿ ನೋಡಿದಳು. ಪ್ರತಿ ಫೋನಿಗೂ ಒಂದೇ ಪ್ರಶ್ನೆ ಕೇಳುತ್ತಿದ್ದಳು, ನೀವು ಬರೆದಾಗ ಮನಸ್ಸಿನಲ್ಲಿದ್ದದ್ದು ಯಾವುದು ಎಂದು. ಕೆಲವರು ಕೂಡಲೇ ಹೇಳುತ್ತಿದ್ದರು. ಕೆಲವರು ಸುಮ್ಮನಾಗುತ್ತಿದ್ದರು, ಮತ್ತೆ ಮಾಡ್ತೀನಿ ಮೇಡಂ ಎನ್ನುತ್ತಿದ್ದರು. ಸುಮ್ಮನಾದವರ ಪಟ್ಟಿಗಳು ಎಷ್ಟು ದಿನದಿಂದ ತಪ್ಪಾಗಿದ್ದವೋ, ಅವಳು ಕೇಳುತ್ತಿರಲಿಲ್ಲ.

ಮೇಷ್ಟ್ರ ಟಿಪ್ಪಣಿಯನ್ನು ಅವಳು ಅಳಿಸಲಿಲ್ಲ. ಹಳೆಯ ರೀತಿಯೇ ಬೇಕೆಂದು ಬರೆದುಕೊಳ್ಳುವವರ ಭಾಗಕ್ಕೆ ಅದನ್ನು ಇಳಿಸಿದಳು. ಅಲ್ಲಿ ಅದು ಈಗಲೂ ಇದೆ.

ನೆಲಮಾಳಿಗೆಯ ಹೆಂಗಸಿನ ಫೋನೂ ಒಂದು ದಿನ ಬಂತು. ಹಿಂದೆ ಲಿಫ್ಟ್ ಇಳಿಯುವ ಸದ್ದು ಕೇಳಿಸುತ್ತಿತ್ತು. ಮರೆತು ಇನ್ನೊಂದು ಪ್ರೊಸೀಜರಿನಲ್ಲೂ ಹಾಗೇ ಬರೆದಿದ್ದಳಂತೆ, ಮಂಚಕ್ಕೆ ಮಂಚ ಎಂದು.

"ಇವತ್ತು ಕೇಳ್ತು ಮೇಡಂ," ಎಂದಳು.

"ನೀವೇನಂದ್ರಿ?"

"ಹೇಳ್ದೆ, ಯಾವ್ದು ಅಂತ."

ಸರಿ, ಎಂದು ತಕರಾರಮ್ಮ ಫೋನ್ ಇಟ್ಟಳು. ಚಹಾ ಆರಿ ಹೋಗಿತ್ತು. ಅದನ್ನೇ ಕುಡಿದಳು. ಸಕ್ಕರೆ ಕಡಿಮೆ ಅನ್ನಿಸಿತು. ಬಹಳ ದಿನಗಳ ಮೇಲೆ ಹಾಗೆ ಏನೋ ಒಂದು ಅನ್ನಿಸಿದ್ದನ್ನು ಅವಳು ಗಮನಿಸಿದಳು, ಅಷ್ಟರಲ್ಲಿ ಫೋನ್ ಮತ್ತೆ ಬಡಿದುಕೊಂಡಿತು.